ಫಿಲ್ಟರ್ ರಾಯರು

ಪ್ರತಿ ಆಫೀಸಿನಲ್ಲೂ ಒಬ್ಬರು ಫಿಲ್ಟರ್ ರಾಯರು ಇರುತ್ತಾರೆ. ನಮ್ಮಲ್ಲಿರುವವರದು ಅಕೌಂಟ್ಸ್ ವಿಭಾಗದ ಕಿಟಕಿ ಪಕ್ಕದ ಸೀಟು. ಊಟದ ಡಬ್ಬಿಯ ಮೇಲೆ ಹೆಸರು, ಸ್ಟೇಪ್ಲರ್ ಮೇಲೆ ಹೆಸರು, ಕುರ್ಚಿಯ ಬೆನ್ನಿಗೂ ಒಂದು ಚೀಟಿ. "ಇನ್‌ಬಾಕ್ಸ್ ಖಾಲಿ ಇರ್ಬೇಕು ಕಣ್ರೀ, ಆಗ್ಲೇ ಮನಸ್ಸಿಗೆ ನೆಮ್ಮದಿ" ಎಂಬುದು ಅವರ ಸಿದ್ಧಾಂತ. ಇನ್‌ಬಾಕ್ಸ್ ಖಾಲಿ ಇರುವುದೇನೋ ನಿಜ. ಬಂದದ್ದನ್ನೆಲ್ಲ ಅವರು ಓದಿದ್ದಾರೆ ಎಂದು ಮಾತ್ರ ಯಾರೂ ತಪ್ಪು ತಿಳಿಯಬಾರದು.

2004ರಲ್ಲಿ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದ ಒಂದನೇ ಆವೃತ್ತಿ ಬಂದಾಗಿನಿಂದ ರಾಯರು ಅದರ ಒಕ್ಕಲು. ಮೇಲ್ ಯಾರದು, ವಿಷಯದ ಸಾಲಿನಲ್ಲಿ ಏನಿರಬೇಕು, ಇದ್ದರೆ ಏನು ಮಾಡಬೇಕು, ಇಷ್ಟನ್ನು ಅದರ ಫಿಲ್ಟರಿಗೆ ನಿಯಮವಾಗಿ ಬರೆದುಕೊಟ್ಟರೆ ಮೇಲ್ ತಾನಾಗಿಯೇ ಹೇಳಿದ ಫೋಲ್ಡರಿಗೆ ಹೋಗಿ ಕೂರುತ್ತದೆ. ಮನೆಯಲ್ಲಿ ಮಗ, ಆಫೀಸಿನಲ್ಲಿ ನಾವು ಯಾರೂ ಇಷ್ಟು ಮಾತು ಕೇಳಿದವರಲ್ಲ. ಹಾಗಾಗಿ ರಾಯರು ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ. ಬೆಳಿಗ್ಗೆ ಬಂದವರೇ ಅವರು ಓದುವುದು ಫಿಲ್ಟರ್ ಲಾಗ್. ಯಾವ ಮೇಲ್ ಯಾವ ನಿಯಮಕ್ಕೆ ಸಿಕ್ಕಿಬಿದ್ದು ಎಲ್ಲಿಗೆ ರವಾನೆಯಾಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಅದನ್ನು ಓದಿ ಮುಗಿಸುವಷ್ಟರಲ್ಲಿ ಕಾಫಿ ಬರುತ್ತದೆ. ಮೇಲ್ ಓದಲು ಹೊತ್ತೆಲ್ಲಿ?

ತೊಂದರೆ ಏನೆಂದರೆ, ಫಿಲ್ಟರಿಗೆ ಅರ್ಥ ಬೇಕಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಂತೆ ಅದು ಅಕ್ಷರ ಮಾತ್ರ ನೋಡುತ್ತದೆ. ಮಹಡಿ ಮನೆ ಬಾಡಿಗೆಗೆ ಕೊಟ್ಟ ಹೊಸದರಲ್ಲಿ ರಾಯರು, ವಿಷಯದ ಸಾಲು ಇಂಗ್ಲಿಷಿನ 'ರೆಂಟ್' ಅನ್ನು ಒಳಗೊಂಡಿದ್ದರೆ ಆ ಮೇಲನ್ನು 'ಬಾಡಿಗೆ' ಫೋಲ್ಡರಿಗೆ ಹಾಕು ಎಂದು ಬರೆದರು. ಒಳಗೊಂಡಿದ್ದರೆ ಅಂದರೆ ಎಲ್ಲಿ ಬೇಕಾದರೂ ಒಳಗೊಂಡಿರಬಹುದಲ್ಲ? ಬ್ಯಾಂಕಿನ 'ಕರೆಂಟ್ ಅಕೌಂಟ್' ಸ್ಟೇಟ್‌ಮೆಂಟ್‌ಗಳೂ, ಮಗನ ಶಾಲೆಯ 'ಪೇರೆಂಟ್ಸ್ ಮೀಟಿಂಗ್' ಕರೆಯೋಲೆಗಳೂ ಸಾಲಾಗಿ ಬಾಡಿಗೆ ಫೋಲ್ಡರಿನಲ್ಲಿ ವಾಸಕ್ಕೆ ಬಂದವು. ಶಾಲೆಗೆ ಹೆಂಡತಿ ಒಬ್ಬರೇ ಹೋಗಿ ಬಂದು, "ನಿಮ್ಮನ್ನೇ ಕೇಳ್ತಿದ್ರು" ಎಂದರಂತೆ. ರಾಯರು ಆ ನಿಯಮ ತಿದ್ದಿದರೇ? ಬರೆದದ್ದನ್ನು ಅಳಿಸುವ ಜಾಯಮಾನ ಅವರದಲ್ಲ. ಅದರ ತಲೆಯ ಮೇಲೆ 'ಕರೆಂಟ್ ಅಕೌಂಟ್'ಗೊಂದು, 'ಪೇರೆಂಟ್ಸ್'ಗೊಂದು ಹೊಸ ನಿಯಮ ಕೂರಿಸಿದರು.

ತಲೆಯ ಮೇಲೆ ಕೂರಿಸುವುದರಲ್ಲೂ ಒಂದು ಮರ್ಮವಿದೆ. ನಿಯಮಗಳು ಪಟ್ಟಿಯಲ್ಲಿರುವ ಕ್ರಮದಲ್ಲೇ, ಮೇಲಿನಿಂದ ಕೆಳಕ್ಕೆ ಕೆಲಸ ಮಾಡುತ್ತವೆ. ಮೊದಲಿನ ನಿಯಮ 'ಇಲ್ಲಿಗೆ ಸಾಕು' ಎಂದರೆ ಕೆಳಗಿನವಕ್ಕೆ ಆ ಮೇಲಿನ ಮುಖವೂ ಕಾಣುವುದಿಲ್ಲ. ರಾಯರ ಪಟ್ಟಿಯಲ್ಲಿ ಸಾಹೇಬರ ಮೇಲ್‌ಗಳಿಗೆಲ್ಲ ನಕ್ಷತ್ರ ಹಚ್ಚುವ ಭಕ್ತಿಯ ನಿಯಮವೊಂದಿದೆ. ಆದರೆ ಅದಕ್ಕಿಂತ ಮೇಲೆ, 'ಮೀಟಿಂಗ್' ಎಂದಿರುವುದನ್ನೆಲ್ಲ 'ಆಮೇಲೆ ನೋಡೋಣ' ಫೋಲ್ಡರಿಗೆ ತಳ್ಳಿ ಅಲ್ಲಿಗೇ ನಿಲ್ಲಿಸುವ ನಿಯಮ ಕೂತಿದೆ. 'ಅರ್ಜೆಂಟ್ ಮೀಟಿಂಗ್' ಎಂದು ಸಾಹೇಬರು ಬರೆದ ದಿನ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ. "ಸಾರ್, ನಿಮ್ಮ ಮೇಲ್ ಬಂದೇ ಇಲ್ಲ" ಎಂದು ರಾಯರು ಎದೆ ತಟ್ಟಿ ಹೇಳಿದರು. ಖಾಲಿ ಇನ್‌ಬಾಕ್ಸನ್ನು ಸಾಕ್ಷಿಗೂ ತೋರಿಸಿದರು.

'ಎಲ್ಲ ಷರತ್ತೂ' ಮತ್ತು 'ಯಾವುದಾದರೂ ಒಂದು ಷರತ್ತು' ಎಂಬ ಎರಡು ಗುಂಡಿಗಳ ಕಥೆ ಇನ್ನೂ ದೊಡ್ಡದು. ಒಂದು ಅಂಗಡಿಯವರ ಕಾಟ ತಾಳಲಾರದೆ, ಅವರಿಂದ ಬಂದದ್ದು ಮತ್ತು 'ಆಫರ್' ಎಂದಿರುವುದು ಕಸದ ಬುಟ್ಟಿಗೆ ಹೋಗಲಿ ಎಂದುಕೊಂಡು ಎರಡನೆಯ ಗುಂಡಿ ಒತ್ತಿದರು. ಅಣ್ಣನ ಮಗ ಹೆಮ್ಮೆಯಿಂದ ಕಳಿಸಿದ 'ಆಫರ್ ಲೆಟರ್' ಬುಟ್ಟಿ ಸೇರಿತು. ದೊಡ್ಡಪ್ಪನೋ ಚಿಕ್ಕಪ್ಪನೋ, ಅಭಿನಂದನೆ ಹೇಳದವರ ಮೇಲೆ ಹುಡುಗನಿಗೆ ಸಿಟ್ಟು ಇರುವುದು ಸಹಜ.

ರಜೆ ಹಾಕಿ ಊರಿಗೆ ಹೋದಾಗಲಂತೂ ರಾಯರ ಪಾಡು ನೋಡಲಾಗದು. ಥಂಡರ್‌ಬರ್ಡಿನ ನಿಯಮಗಳು ಇರುವುದು ಅವರ ಟೇಬಲ್ಲಿನ ಕಂಪ್ಯೂಟರಿನಲ್ಲಿ. ಅದನ್ನು ಆಫ್ ಮಾಡಿ ಹೋದರೆ ನಿಯಮಗಳಿಗೂ ರಜೆ. ಸರ್ವರಿನಲ್ಲೇ ಬರೆದಿಟ್ಟ ನಿಯಮವಾದರೆ ಹಗಲಿರುಳೂ ದುಡಿಯುತ್ತದೆ, ಆದರೆ "ಕಣ್ಣಿಗೆ ಕಾಣದವರಿಗೆ ಕೆಲಸ ಒಪ್ಪಿಸಬಾರದು" ಎನ್ನುತ್ತಾರೆ ಇವರು. ಹಾಗಾಗಿ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಮೊಬೈಲ್ ತೆಗೆದರೆ ಸಾಹೇಬರು, ಬ್ಯಾಂಕು, ಶಾಲೆ, ಸೀರೆ ಅಂಗಡಿ ಎಲ್ಲರೂ ಒಂದೇ ಸಾಲಿನಲ್ಲಿ! ಆ ನಾಲ್ಕು ದಿನ ಮಾತ್ರ ರಾಯರು ಎಲ್ಲ ಮೇಲ್ ಓದುತ್ತಾರೆ, ಎಲ್ಲರಿಗೂ ಉತ್ತರ ಬರೆಯುತ್ತಾರೆ. ಅವರ ರಜೆಯನ್ನು ಆಫೀಸೆಲ್ಲ ಕಾಯುವುದು ಇದೇ ಕಾರಣಕ್ಕೆ.

ಈ ಬರಹದ ಪ್ರತಿಯನ್ನು ಅವರಿಗೂ ಮೇಲ್ ಮಾಡಿದ್ದೇನೆ. ಬೆನ್ನ ಹಿಂದೆ ಆಡಿಕೊಂಡರು ಎನ್ನಬಾರದಲ್ಲ. ರಾಯರು ಸದ್ಯ ರಜೆಯಲ್ಲಿಲ್ಲ. ವಿಷಯದ ಸಾಲಿನಲ್ಲಿ ಇಂಗ್ಲಿಷಿನಲ್ಲೇ 'ಕರೆಂಟ್ ಅಫೇರ್ಸ್' ಎಂದು ಹಾಕಿದ್ದೇನೆ.