ಟೆಕ್ನಿಕಲ್ ಕಾಕಾ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಯಾವ ಕಡೆಯ ಬಸ್ಸು ಹತ್ತಿ ಯಾವ ಊರಲ್ಲಿ ಇಳಿದರೂ ಅಲ್ಲೊಬ್ಬ ಟೆಕ್ನಿಕಲ್ ಕಾಕಾ ಇದ್ದೇ ಇರುತ್ತಾನೆ. ಊರವರು ಇಟ್ಟ ಅಡ್ಡಹೆಸರನ್ನು ಆತ ಬಿರುದು ಅಂತ ಹಿಡಿದಿದ್ದಾನೆ. ರೇಡಿಯೋ ಕಾಲದಲ್ಲಿ ಧಾರವಾಡ ಸ್ಟೇಷನ್ ಹಿಡಿದುಕೊಟ್ಟವನು ಅವನೇ. ಟಿ.ವಿ. ಬಂದಾಗ ಮಾಳಿಗೆ ಹತ್ತಿ ಆಂಟೆನಾ ತಿರುವಿದವನೂ ಅವನೇ. ನಡುವೆ ಒಂದಷ್ಟು ವರ್ಷ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರಿನ ಪಾಯಿಂಟ್ ತೋರಿಸುತ್ತಿದ್ದ. ನೀರು ಬಿದ್ದರೆ ಕಾಕಾನ ವಿದ್ಯೆ, ಬೀಳದಿದ್ದರೆ ಹೊಲದವನ ನಸೀಬು.

ಅವನ ಶಾಸ್ತ್ರದಲ್ಲಿ ಸೂತ್ರ ಒಂದೇ: "ತಗೊಳ್ಳೂದ ತಗೋತೀರಿ, ದೊಡ್ಡದ ತಗೋರಿ." ಮೂರು ಎಚ್.ಪಿ. ಸಾಕಾಗುವ ಬಾವಿಗೆ ಐದು ಎಚ್.ಪಿ. ಮೋಟಾರು, ಎರಡು ಎಕರೆಯವನಿಗೆ ಐವತ್ತು ಎಚ್.ಪಿ. ಟ್ರ್ಯಾಕ್ಟರು. ಸಾಲ ಅವನದಲ್ಲ, ಸಲಹೆ ಮಾತ್ರ ಅವನದು.

ಇಂಥ ಕಾಕಾನ ಊರಿನ ಪತ್ತಿನ ಸೌಹಾರ್ದ ಸಹಕಾರಿಯವರು ಒಂದು ಸಣ್ಣ ಸರ್ವರ್ ತಂದರು ಅನ್ನಿ. ಆಫೀಸು ಅಗಸಿ ಹತ್ತಿರ. ಕಡಲೆ, ಹೆಸರು ಅಡವಿಟ್ಟುಕೊಳ್ಳುವ ಗೋದಾಮು ಹಿಂದಿನ ಓಣಿಯಲ್ಲಿ. ಗೋದಾಮಿನ ಕಂಪ್ಯೂಟರಿಗೆ ಸರ್ವರಿನಿಂದ ತಾಮ್ರದ ವೈರು ಎಳೆದದ್ದಾಯಿತು. ಆ ವೈರಿಗೆ ಕಟ್ಟಿಕೊಟ್ಟ ಹದ್ದು 100 ಮೀಟರ್. ಅದನ್ನು ದಾಟಿದ ಮೇಲೆ ತೂಕದ ಚೀಟಿ ಬರಲು ಹಮಾಲರು ಒಂದು ಬೀಡಿ ಮುಗಿಸುವಷ್ಟು ಹೊತ್ತು. ಅಡ್ಡಮಳೆಯ ಸಿಡಿಲಿಗೆ ಎರಡೂ ತುದಿಯ ಪೋರ್ಟು ಸುಟ್ಟ ಮೇಲೆ ಫೈಬರ್ ಹಾಕೋಣ ಅಂತ ಮೀಟಿಂಗ್ ಕರೆದರು. ಕಾಕಾನನ್ನು ಯಾರೂ ಕರೆದಿರಲಿಲ್ಲ. ಗಿರಮಿಟ್ಟು-ಮಿರ್ಚಿಯ ವಾಸನೆಗೆ ಬಂದ ಅಂದರೆ ಅನ್ಯಾಯವಾದೀತು. ಕೊಟೇಶನ್ನಿನ ವಾಸನೆಗೆ ಬಂದ.

ಮೊದಲ ಮಿರ್ಚಿ ಮುಗಿಯುವುದರೊಳಗೆ ಭಾಷಣ ಸುರುವಾಯಿತು. "ಅಧ್ಯಕ್ಷರ, ದೇಶದಾಗಿನ ಮೊದಮೊದಲಿನ ಸಹಕಾರಿ ಪತ್ತಿನ ಸಂಘದಾಗ ಒಂದು ಎಲ್ಲಿ ಆತ್ರಿ? 1905ರಾಗ, ಕಣಗಿನಹಾಳದಾಗ. ಈಗ ಗದಗ ಜಿಲ್ಲಾ ಇರಬಹುದು, 1997ರ ತನಕ ಅದು ನಮ್ಮ ಧಾರವಾಡ ಜಿಲ್ಲಾನ. ಅಂಥಾ ಮಣ್ಣಿನಾಗ ನೀವು ಒಂದ ಜೀಬಿ ಫೈಬರ್ ಹಾಕಿದ್ರ ಆ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಆತ್ಮ ಏನಂದೀತು? ಹತ್ತು ಜೀಬಿ ಹಾಕ್ರಿ!"

ಇತಿಹಾಸ ಪೂರಾ ಖರೆ. ಆದರೆ ಸರ್ವರಿನೊಳಗಿನ ಕಾರ್ಡು ಒಂದು ಗಿಗಾಬಿಟ್ಟಿನದು, ಗೋದಾಮಿನಲ್ಲಿ ಇರುವುದು ಒಂದೇ ಕಂಪ್ಯೂಟರು. ಒಂದು ಗಿಗಾಬಿಟ್ ಅಂದರೆ ಸೆಕೆಂಡಿಗೆ 100 ಎಂಬಿಗೂ ಮೇಲೆ. ಸೌಹಾರ್ದದ ಒಂದು ದಿನದ ಲೆಕ್ಕವೆಲ್ಲ ಸೇರಿಸಿದರೂ ಕಾಕಾ ಮುಂಜಾನೆ ಎದ್ದು ಕಳಿಸುವ ಶುಭೋದಯದ ವಿಡಿಯೋಗಳಷ್ಟು ಆಗುವುದಿಲ್ಲ.

ಹುಬ್ಬಳ್ಳಿಯಿಂದ ಬಂದಿದ್ದ ಫೈಬರಿನ ಹುಡುಗ ಮೂಲೆಯಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದ: "ಇಲ್ಲಿಂದ ಗೋದಾಮಿಗೆ ಎಷ್ಟ ದೂರ ಐತ್ರಿ?"

"ಕೂಗಳತಿ," ಅಂದ ಕಾಕಾ.

"ಮೀಟರಿನ್ಯಾಗ ಹೇಳ್ರಿ ಕಾಕಾರ."

ಕಾಕಾ ಧೋತರ ಎತ್ತಿ ಕಟ್ಟಿ, ಪಕ್ಕದ ಮನೆಯವರ ಹಿತ್ತಲಲ್ಲಿ ಹಾದು, ಬಣವೆ ಬಳಸಿ, ಅರ್ಧ ಬಿದ್ದ ಗೋಡೆ ಜಿಗಿದು ಹೆಜ್ಜೆ ಎಣಿಸಿಕೊಂಡು ಬಂದ. ಲೆಕ್ಕ ತೊಂಬತ್ತಕ್ಕೆ ನಿಂತಿತು. ಹುಡುಗ ಟೇಪು ಬಿಟ್ಟು ಓಣಿಗುಂಟ, ಗಟಾರ ದಾಟಿ, ಗೋಡೆ ಹತ್ತಿ ಇಳಿಯುವ ಹಾದಿಯನ್ನು ಅಳೆದ: 140 ಮೀಟರ್. "ಟೇಪು ಬಿಸಲಿಗೆ ಹಿಗ್ಗೇತಿ," ಅಂತ ತೀರ್ಪಾಯಿತು.

ಮುಂದೆ ಕೇಬಲ್ಲಿನ ಜಾತಿ. ಹುಡುಗ ಸಿಂಗಲ್ ಮೋಡ್ ಅಂದ. ಕಾಕಾನ ಮುಖ ಸಣ್ಣದಾಯಿತು. ಹೈವೇಗೇ ನಾಕು ಲೇನು ಇರುವಾಗ ಸೌಹಾರ್ದಕ್ಕೆ ಒಂದೇ ಹಾದಿಯೇ? ಹುಡುಗ ತಾಳ್ಮೆಯವನು. ಮಲ್ಟಿ ಮೋಡಿನ ಗಾಜಿನ ತಿರುಳು 50 ಮೈಕ್ರಾನ್, ಬೆಳಕು ಅದರೊಳಗೆ ಹತ್ತಾರು ಹಾದಿ ಹಿಡಿದು ಹಿಂದೆ ಮುಂದೆ ಮುಟ್ಟುತ್ತದೆ, ದೂರ ಹೋದಷ್ಟೂ ಕಲಸುಮೇಲೋಗರ. ಸಿಂಗಲ್ ಮೋಡಿನ ತಿರುಳು ಬರೀ 9 ಮೈಕ್ರಾನ್, ಹಾದಿ ಒಂದೇ, 10 ಕಿಲೋಮೀಟರ್ ತನಕ ಬೆಳಕು ಕಳಿಸುವ ಮಾಡ್ಯೂಲು ಸಲೀಸಾಗಿ ಸಿಗುತ್ತದೆ. ಕೇಬಲ್ಲಿನ ದರವೂ ಕಡಿಮೆ, ನಾಳೆ ಹರಿದರೆ ಜೋಡಿಸುವವರೂ ಬೇಕಾದಷ್ಟು. ದರ ಕಡಿಮೆ ಅಂದದ್ದೇ ತಪ್ಪಾಯಿತು. ಕಡಿಮೆ ದರದ ಮಾಲಿನ ಮೇಲೆ ಕಾಕಾನಿಗೆ ಹುಟ್ಟಾ ಅನುಮಾನ.

"ಹಂಗಾದ್ರ ಪಂಚಾಯ್ತ್ಯಾಗಿನ ಡಬ್ಬಿಯಂಥಾದ್ದ ಒಂದು ತಗೋರಿ, ಓಎನ್‌ಟಿ," ಅಂತ ಹೊಸ ಬಾಣ ಬಿಟ್ಟ. ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯಲು ಕೇಂದ್ರ 2011ರಲ್ಲಿ ಒಪ್ಪಿದ ಯೋಜನೆ, ಈಗಿನ ಭಾರತ್‌ನೆಟ್, ಊರಿಗೆ ಬಂದಾಗ ತಗ್ಗು ತೋಡುವವರ ಮುಂದೆ ಕುರ್ಚಿ ಹಾಕಿಕೊಂಡು ಕೂತವನು ಆತ. ಆ ಡಬ್ಬಿಗೆ ಆಚೆ ತುದಿಯಲ್ಲಿ ಕಂಪನಿಯವರ ದೊಡ್ಡ ಯಂತ್ರವೇ ಬೇಕು, ಸಾದಾ ಸ್ವಿಚ್ಚಿನ ಜೊತೆ ಅದು ಮಾತಾಡುವುದಿಲ್ಲ ಅಂದರೆ, "ಮಾತಾಡಸ್ಬೇಕ್ರೀ!" ಅನ್ನುತ್ತಾನೆ.

ಆರ್ಮರ್ಡ್ ಕೇಬಲ್ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತಾಯಿತು. ಕಡಲೆ ಗೋದಾಮಿನ ಇಲಿಗಳಿಗೆ ಸಾದಾ ಕೇಬಲ್ ಅಂದರೆ ಬಾಯಾಡಿಸುವ ತಿನಿಸು. ಉಕ್ಕಿನ ಕವಚ ಬೇಕೇ ಬೇಕು. ಎರೆಮಣ್ಣಿನ ಸಂಗತಿಯಂತೂ ಕಾಕಾನಿಗೆ ಎಲ್ಲರಿಗಿಂತ ಗೊತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ, ಮಳೆ ಬಿದ್ದರೆ ಉಬ್ಬಿ ಜಗ್ಗುವ ಆ ಮಣ್ಣಿನಲ್ಲಿ ಕೇಬಲ್ಲನ್ನು ಪೈಪಿನೊಳಗೆ ಹಾಕಿ, ಎರಡೂ ತುದಿಯಲ್ಲಿ ಒಂದಷ್ಟು ಸುರುಳಿ ಹೆಚ್ಚಿಗೆ ಬಿಡಬೇಕು ಅಂತ ಅವನೇ ಹೇಳಿದ. ಆಮೇಲೆ ಗಾಜಿಗೆ ಸಿಡಿಲಿನ ಗೊಡವೆಯಿಲ್ಲ ಅಂತಲೂ ಹೇಳಿದ. ಗಾಜಿಗಿಲ್ಲ ನಿಜ, ಉಕ್ಕಿನ ಕವಚಕ್ಕಿದೆ. ಅದಕ್ಕೆ ಅರ್ಥಿಂಗ್ ಕೊಡಬೇಕು ಅಂತ ಹುಡುಗ ಮೆಲ್ಲಗೆ ಬರೆದುಕೊಂಡ.

ಜೋಡಣೆಯ ದಿನ ನೋಡಬೇಕಿತ್ತು. ಹುಡುಗ ತುದಿಯನ್ನು ಸ್ಪಿರಿಟ್ಟಿನ ಅರಿವೆಯಿಂದ ಒರೆಸಿ ಇಟ್ಟಿದ್ದನ್ನು ಕಾಕಾ ಎತ್ತಿಕೊಂಡು ಬಾಯಿಂದ ಉಫ್ ಅಂತ ಊದಿ, ಹೆಗಲ ಟವೆಲ್ಲಿನಿಂದ ಮತ್ತೊಮ್ಮೆ ಒರೆಸಿದ. ಹಸಿರು ಮೂತಿಯ ತಂತಿಯೊಂದನ್ನು ನೀಲಿ ಜಾಗಕ್ಕೆ ತುರುಕಿ "ಕೂಡ್ತು ನೋಡು!" ಅಂದ. ಕೂಡುತ್ತದೆ, ಅದೇ ತಾಪತ್ರಯ. ಹಸಿರಿನ ಮುಖ 8 ಡಿಗ್ರಿ ಓರೆ, ನೀಲಿಯದು ನೇರ. ಒಳಗೆ ಮುಖಕ್ಕೆ ಮುಖ ಸೇರದೆ ಬೆಳಕು ಅರ್ಧಕ್ಕೆ ಸೋರಿಹೋಗುತ್ತದೆ. ಉಳಿದ ತಂತಿಯನ್ನು ಕಿಟಕಿಯ ಸರಳಿಗೆ ಎಮ್ಮೆಯ ಹಗ್ಗ ಬಿಗಿದಂತೆ ಬಿಗಿದ. "ಗಾಜು ಇಷ್ಟ ಮುರದ್ರ ಬೆಳಕು ಹೊಳ್ಳಂಗಿಲ್ರೀ ಕಾಕಾರ," ಅಂತ ಹುಡುಗ ಬಿಚ್ಚಿ ಅಗಲ ಸುತ್ತು ಸುತ್ತಿದ.

ಕಡೆಗೆ ಕಾಕಾ ಚಾಳೀಸು ಹಣೆಗೇರಿಸಿ ತಂತಿಯ ಬಾಯಿಗೆ ಕಣ್ಣು ಹಚ್ಚಿದ. "ಎಲ್ಲೈತೋ ತಮ್ಮಾ ಬೆಳಕು? ಕಾಣವಲ್ದು!" ಹುಡುಗ ಜಿಗಿದು ಕೈ ಹಿಡಿದ. ಮಾಡ್ಯೂಲಿನ 1310 ನ್ಯಾನೋಮೀಟರಿನ ಲೇಸರು ಕಣ್ಣಿಗೆ ಕಾಣುವಂಥದಲ್ಲ; ಕಾಣುವುದಿಲ್ಲ ಅಂತ ಕಣ್ಣಿಟ್ಟು ನೋಡುವಂಥದೂ ಅಲ್ಲ. ಬದಲಿಗೆ ಪರೀಕ್ಷೆಯ ಕೆಂಪು ದೀಪದ ಪೆನ್ನು ಹಚ್ಚಿ ಗೋದಾಮಿನ ತುದಿಯನ್ನು ಗೋಡೆಯತ್ತ ಹಿಡಿದು ಕೆಂಪು ಚುಕ್ಕೆ ತೋರಿಸಿದ. ಕಾಕಾ ತೃಪ್ತನಾದ. "ಇದಕ್ಕಂತಾರ ಬೆಳಕು. ನೀ ಹಾಕಿದ್ದು ಬರೇ ಕತ್ತಲಿ."

ಆ ಕತ್ತಲೆಯೇ ಈಗ ಕೆಲಸ ಮಾಡುತ್ತಿದೆ. ತಂದ ಸಾಮಾನು ಇಷ್ಟೇ: ಮಾಡ್ಯೂಲು ಕೂರುವ ಕಿಂಡಿಯಿರುವ ಸಣ್ಣ ಸ್ವಿಚ್ಚು ಎರಡು, ಒಂದು ಗಿಗಾಬಿಟ್ಟಿನ ಸಿಂಗಲ್ ಮೋಡ್ ಮಾಡ್ಯೂಲು ಎರಡು, ನಾಕು ಎಳೆಯ ಆರ್ಮರ್ಡ್ ಕೇಬಲ್ (ಎರಡೆಳೆ ಕೆಲಸಕ್ಕೆ, ಎರಡೆಳೆ ಆಪತ್ತಿಗೆ), ತುದಿಗೊಂದು ಡಬ್ಬಿ, ಎರಡೂ ಕಡೆ ಯುಪಿಎಸ್. ಗೋದಾಮಿನ ಯುಪಿಎಸ್ಸನ್ನು ಬಜೆಟ್ಟಿನಿಂದ ತೆಗೆಯಲು ಹೊರಟಿದ್ದ ಡೈರೆಕ್ಟರೊಬ್ಬರನ್ನು ತಡೆದವನು ಕಾಕಾ. ಆ ಪುಣ್ಯ ಅವನಿಗೆ ಸಲ್ಲಬೇಕು. ಉಳಿದ ಪುಣ್ಯವನ್ನು ಅವನೇ ತೆಗೆದುಕೊಂಡಿದ್ದಾನೆ: "ಸೌಹಾರ್ದದ ಫೈಬರ್ ನಾನ ಹಾಕಿಸಿದ್ದು" ಅಂತ ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಿರುತ್ತಾನೆ, ಹತ್ತು ಜೀಬಿ ಅಂತ ಸೇರಿಸಿ.

ನಿಮ್ಮ ಆಫೀಸಿಗೂ ಸರ್ವರ್ ಬರುವುದಿದ್ದರೆ ಕಾಕಾ ಬಂದೇ ಬರುತ್ತಾನೆ. ಚಹಾ ಕೊಡಿ, ಮಿರ್ಚಿ ಕೊಡಿ, ಎರೆಮಣ್ಣಿನ ಬಗ್ಗೆ ಹೇಳಿದ್ದನ್ನು ಬರೆದುಕೊಳ್ಳಿ. ಟೇಪಿನ ಒಂದು ತುದಿಯನ್ನು ಅವನ ಕೈಗೇ ಕೊಟ್ಟು ದೂರ ನಿಲ್ಲಿಸಿ. ಕೊಟೇಶನ್ ಮಾತ್ರ ಅವನು ಮನೆಗೆ ಹೋದ ಮೇಲೆ ತೆರೆಯಿರಿ.