ಹಿಂಬಡ್ತಿ ರಾಯರು

ನಮ್ಮ ಬೀದಿಯ ರಾಯರಿಗೆ ಆಫೀಸಿನಲ್ಲಿ ಎಷ್ಟು ಸಲ ಬಡ್ತಿ ಸಿಕ್ಕಿದೆಯೋ ಗೊತ್ತಿಲ್ಲ. ಮನೆಯ ಕಂಪ್ಯೂಟರಿಗೆ ಮಾತ್ರ ಆಗಾಗ ಹಿಂಬಡ್ತಿ ಕೊಡುತ್ತಿರುತ್ತಾರೆ.

ಲಿನಕ್ಸ್ ಬಳಸುವವರಲ್ಲಿ ಇದೊಂದು ಪಂಗಡ. ಹೊಸ ಆವೃತ್ತಿ ಬಂತೆಂದರೆ ಇವರಿಗೆ ನಿದ್ದೆ ಬಾರದು. ಹಾಕಿಕೊಂಡ ಮೇಲೆ ಮನೆಯವರಿಗೆ ಬಾರದು. ರಾಯರ ಕಂಪ್ಯೂಟರಿನಲ್ಲಿರುವುದು ಡೆಬಿಯನ್ ಎಂಬ ಲಿನಕ್ಸು. ಡೆಬಿಯನ್ನಿನವರು ತಮ್ಮ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರಿಡುತ್ತಾರಲ್ಲ, ರಾಯರಂಥವರನ್ನು ನೋಡಿಯೇ ಇಟ್ಟರೇನೋ ಎಂದು ನನ್ನ ಗುಮಾನಿ. 2025ರ ಆಗಸ್ಟಿನಲ್ಲಿ 13ನೆಯದು, ‘ಟ್ರಿಕ್ಸಿ’, ಬಂದ ರಾತ್ರಿಯೇ ಏರಿಸಿಕೊಂಡರು. ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಸಿಕ್ಕಿ, “ಹಳೇದೇ ಚೆನ್ನಾಗಿತ್ತು ಕಣ್ರೀ” ಅಂದರು. ಪ್ರಿಂಟರ್ ಮುನಿಸಿಕೊಂಡಿತ್ತಂತೆ, ಅಷ್ಟೆ.

ಹಳೆಯದಕ್ಕೆ ಇಳಿಸುವುದಕ್ಕೂ ಮಂತ್ರವಿದೆ. ತಂತ್ರಾಂಶದ ಪ್ಯಾಕೇಜುಗಳನ್ನು ಹಾಕಿ ತೆಗೆಯುವ ‘ಆಪ್ಟ್’ನ ಪ್ರಿಫರೆನ್ಸಸ್ ಫೈಲಿನಲ್ಲಿ 12ನೆಯ ‘ಬುಕ್‌ವರ್ಮ್’ಗೆ 1001ರ ಆದ್ಯತೆ ಬರೆದರೆ, ಅದು ಹೊಸದನ್ನು ಬಿಟ್ಟು ಹಳೆಯದಕ್ಕೆ ಒಲಿಯುತ್ತದೆ. ರಾಯರು ಮದುವೆಮನೆಯಲ್ಲಿ ಮುಯ್ಯಿ ಬರೆಸುವ ಗಾಂಭೀರ್ಯದಿಂದ 1001 ಒತ್ತಿದರು. “ಕೆಳಗಿಳಿಸಿದರೆ ನಾವು ಹೊಣೆಯಲ್ಲ ಅಂತ ಡೆಬಿಯನ್ನಿನವರೇ ಕೈತೊಳೆದುಕೊಂಡಿದ್ದಾರಲ್ಲ ಸಾರ್?” ಅಂದೆ. “ಅದೆಲ್ಲ ಹೊಸಬರಿಗೆ ಹೇಳೋ ಮಾತು.”

ಇಳಿಯಬೇಕಿದ್ದದ್ದು ಪ್ರಿಂಟರಿನ ಸಾಮಾನು. ಆದರೆ ಅದರ ಸೆರಗು ಹಿಡಿದು ಒಂದು ಲೈಬ್ರರಿ, ಅದರ ಸೆರಗು ಹಿಡಿದು ಇನ್ನೊಂದು ಬಂದವು. ಕೊನೆಗೆ ‘ಗ್ಲಿಬ್‌ಸಿ’ಯೇ 2.41ರಿಂದ 2.36ಕ್ಕೆ ಇಳಿಯಬೇಕಾಯಿತು. ಅದು ಹೆಚ್ಚುಕಡಿಮೆ ಇಡೀ ಸಿಸ್ಟಮ್ಮು ಒರಗಿ ನಿಂತ ಕಂಬ! ತೆಗೆದುಹಾಕಬೇಕಾದ ಪ್ಯಾಕೇಜುಗಳ ಪಟ್ಟಿ, ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರುಗಳ ಹಾಗೆ, ಪರದೆಯ ಮೇಲೆ ಮುಗಿಯುತ್ತಲೇ ಇರಲಿಲ್ಲ.

ಕಾಫಿ ತಂದ ಅವರ ಹೆಂಡತಿ ಪರದೆಯನ್ನೊಮ್ಮೆ ನೋಡಿ, “ಬೆಂದ ಇಡ್ಲೀನ ವಾಪಸ್ ಹಿಟ್ಟು ಮಾಡ್ತಾ ಇದಾರೆ” ಅಂದರು. ಆಕೆ ಕಂಪ್ಯೂಟರ್ ಓದಿದವರಲ್ಲ, ಆದರೂ ಇದಕ್ಕಿಂತ ಕರಾರುವಾಕ್ಕಾದ ವಿವರಣೆ ನಾನು ಕೇಳಿಲ್ಲ. ಪ್ಯಾಕೇಜಿನ ಜೊತೆ ಬರುವ ಸ್ಕ್ರಿಪ್ಟುಗಳು ಹಳೆಯ ಸೆಟ್ಟಿಂಗುಗಳನ್ನು ಹೊಸದಕ್ಕೆ ಒಗ್ಗಿಸುತ್ತವೆಯೇ ಹೊರತು, ಹೊಸದನ್ನು ಹಳೆಯದಕ್ಕೆ ತಿರುಗಿಸುವ ವಿದ್ಯೆ ಅವಕ್ಕೆ ಯಾರೂ ಕಲಿಸಿರುವುದಿಲ್ಲ.

ರಾಯರು ‘ವೈ’ ಒತ್ತಿದರು. ಅರ್ಧಕ್ಕೆ ನಿಂತಿತು. ಫೈಲುಗಳ ಪಟ್ಟಿ ಕೇಳಲು ‘ಎಲ್‌ಎಸ್’ ಎಂದು ಟೈಪಿಸಿದರೂ ಗ್ಲಿಬ್‌ಸಿ ಸಾಲದೆಂಬ ಗೊಣಗಾಟವೇ ಉತ್ತರ.

ಸಂಜೆ ಪೆನ್‌ಡ್ರೈವ್ ಕೇಳಿಕೊಂಡು ನಮ್ಮ ಮನೆಗೆ ಬಂದರು. ನನ್ನ ಕಂಪ್ಯೂಟರಿನಲ್ಲಿನ್ನೂ 12 ಇರುವುದನ್ನು ಕಂಡು ಕಣ್ಣು ತೇವವಾಯಿತು. ಹಸುವಿನ ಬೆನ್ನು ಸವರುವಂತೆ ಮಾನಿಟರ್ ಸವರಿ, “ಚಿನ್ನದಂಥದು. ಯಾರೇನೇ ಹೇಳಲಿ, ಇದನ್ನ ಮುಟ್ಟಬೇಡಿ” ಅಂದರು.

ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ದನಿ ತಗ್ಗಿಸಿ ಕೇಳಿದರು:

“ಸುಮ್ನೆ ಕುತೂಹಲಕ್ಕೆ, ಪಾಸ್‌ವರ್ಡ್ ಏನು?”