ಒಂದು ರಾತ್ರಿಗೆ ಪ್ರಚಂಡ ಬೇಕಾಗಿದೆ

ಬೆಂಗಳೂರಿನ ಎಚ್‌ಎಎಲ್‌ಗೆ ಸಿದ್ದಾಪುರ ಹೋಬಳಿಯ ಕಡೆಯಿಂದ ಒಂದು ಅಹವಾಲು. ತಾವು ಕಟ್ಟುವ ‘ಪ್ರಚಂಡ’ ದಾಳಿ ಹೆಲಿಕಾಪ್ಟರನ್ನು ಒಂದೇ ಒಂದು ರಾತ್ರಿ ಬಾಡಿಗೆಗೆ ಕೊಡಬೇಕು. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಇಂಥ 156ಕ್ಕೆ 62,700 ಕೋಟಿ ರೂಪಾಯಿ ಒಪ್ಪಂದ ಮಾಡಿಕೊಂಡಿದೆ. ಅದರಲ್ಲೊಂದು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಸುತ್ತು ಹಾಕಿಬಂದರೆ ದೇಶದ ಗಡಿಯೇನೂ ಬಯಲಾಗದು.

ಅವಸರವಿಲ್ಲ. ಹಿಮಶಿಖರದ ಎತ್ತರದಲ್ಲಿ ಕಾದಾಡುವ ಹೆಲಿಕಾಪ್ಟರ್ ಇಲ್ಲವೆಂದು ಕಾರ್ಗಿಲ್‌ನಲ್ಲಿ ಗೊತ್ತಾದದ್ದು 1999ರಲ್ಲಿ; ಪ್ರಚಂಡ ವಾಯುಪಡೆ ಸೇರಿದ್ದು 2022ರ ಅಕ್ಟೋಬರ್ 3ಕ್ಕೆ. ಕಾಲುವೆಯ ಕೊನೆಭಾಗದ ರೈತರಿಗೆ ಇಂಥ ಕಾಯುವಿಕೆ ರೂಢಿಯಾಗಿದೆ.

ರಾಕೆಟ್ಟು ಬೇಡ, ಗುಂಡೂ ಬೇಡ. ಪೈಲಟ್ ತಲೆ ಹೊರಳಿಸಿದತ್ತ 20 ಮಿ.ಮೀ. ಫಿರಂಗಿಯೂ ಹೊರಳುತ್ತದಂತೆ, ಶಿರಸ್ತ್ರಾಣದ ಮಹಿಮೆ. ಇದರಲ್ಲಿ ನಮಗೆ ಅಚ್ಚರಿಯಿಲ್ಲ. ಸಾಹೇಬರು ಮುಖ ಆಚೆ ತಿರುಗಿಸಿದರೆ ಇಡೀ ಇಲಾಖೆಯೇ ಆಚೆ ತಿರುಗುವುದನ್ನು ಶಿರಸ್ತ್ರಾಣವಿಲ್ಲದೆಯೇ ಕಂಡವರು ನಾವು.

ನಮಗೆ ಬೇಕಿರುವುದು ಹೆಲಿಕಾಪ್ಟರಿನ ಮೂತಿಯ ಮೇಲಿನ ಗುಂಡನೆಯ ಕಣ್ಣು. ಅದಕ್ಕೆ ಬೆಳಕೇ ಬೇಡ. ವಸ್ತುಗಳು ಸೂಸುವ ಶಾಖವನ್ನೇ ಹಿಡಿದು ಚಿತ್ರ ಬಿಡಿಸುತ್ತದೆ. ರಾತ್ರಿ ಎರಡು ಗಂಟೆಗೆ ಕಾಲುವೆಯ ನೀರು ಪರದೆಯಲ್ಲೊಂದು ಉದ್ದನೆಯ ಪಟ್ಟಿ. ದಂಡೆಯುದ್ದಕ್ಕೂ ಕಾದು ಬೆಳ್ಳಗೆ ಹೊಳೆಯುವ ಚುಕ್ಕಿಗಳು. ಅವು ಮಿಣುಕುಹುಳಗಳಲ್ಲ, ಅಕ್ರಮ ಪಂಪ್‌ಸೆಟ್‌ಗಳು. ಕಾಲುವೆಗುಂಟ ನಿಷೇಧಾಜ್ಞೆ ಇರುತ್ತದೆ. ಅದು ಕಾಗದದ್ದಾದ್ದರಿಂದ ಬಿಸಿಯಿಲ್ಲ, ಪರದೆಯಲ್ಲಿ ಮೂಡುವುದಿಲ್ಲ. ಅತ್ತ ಕಾಲುವೆಯ ಕೆಳಭಾಗದ ಸಿಂಧನೂರು, ಮಾನ್ವಿಯವರು ನೀರಿನ ಗೇಜ್ ನೋಡುತ್ತ ಕೂತಿರುತ್ತಾರೆ.

ಈ ಕಣ್ಣಿಗೊಂದು ಕುಂದಿದೆ. ಸಾಮಾನ್ಯ ಗಾಜಿನಾಚೆಗಿನ ಮೈಬಿಸಿ ಅದಕ್ಕೆ ಕಾಣದು. ಅದಕ್ಕೇ ಅದರ ಮಸೂರಕ್ಕೆ ಜರ್ಮೇನಿಯಂನಂಥ ವಸ್ತು ಬಳಸುತ್ತಾರೆ. ಹೀಗಾಗಿ ಜೀಪಿನ ಗಾಜು ಏರಿಸಿ, ಏಸಿ ಹಾಕಿಕೊಂಡು ದಂಡೆಯ ಮೇಲೆ ತಪಾಸಣೆಗೆ ಹೋಗುವವರು ನಿಶ್ಚಿಂತರಾಗಿರಬಹುದು. (ಒಳಗಿನಿಂದ ಹೊರಗೂ ಏನೂ ಕಾಣದಿರುವುದು ಬಹುಶಃ ಅದೇ ಗಾಜಿನ ಗುಣ.)

ಎಲ್ಲಕ್ಕೂ ಇಂಥ ಕಣ್ಣೇ ಬೇಕೆಂದೇನಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಹರಿದು ಗೇಟೇ ಕೊಚ್ಚಿಹೋಯಿತು. ಹರಿಯುವ ಮುಂಚೆ ಆ ಚೈನನ್ನು ನೋಡಲು ಹಗಲೇ ಸಾಕಿತ್ತು.

ಕಣ್ಣು ಎಷ್ಟೇ ಚುರುಕಾಗಿರಲಿ, ಕಂಡದ್ದು ಏನೆಂದು ತೀರ್ಮಾನಿಸುವವನು ಒಳಗೆ ಕೂತ ಮನುಷ್ಯ. 2007ರ ಜುಲೈ 12ರಂದು ಬಾಗ್ದಾದ್‌ನಲ್ಲಿ ಅಮೆರಿಕದ ಅಪಾಚೆ ಹೆಲಿಕಾಪ್ಟರಿನವರಿಗೆ ಹಾಡಹಗಲೇ ರಾಯಿಟರ್ಸ್ ಛಾಯಾಗ್ರಾಹಕನ ಕ್ಯಾಮೆರಾ ಆಯುಧವಾಗಿ ಕಂಡಿತು. ಆತನೂ ಅವನ ಸಹೋದ್ಯೋಗಿಯೂ ಸೇರಿ ಹಲವರು ಸತ್ತರು. ಅಲ್ಲಿ ಇಲ್ಲದ ಆಯುಧ ಕಂಡಿತು. ನಮ್ಮಲ್ಲಿ ಇರುವ ಹತ್ತು ಎಚ್‌ಪಿ ಮೋಟರು, ಅದು ಯಾರದೆಂದು ಗೊತ್ತಾದ ಕೂಡಲೇ, ಹುಲ್ಲಿನ ಬಣವೆಯಾಗಿಬಿಡುತ್ತದೆ.

ಈ ಅಹವಾಲನ್ನು ಚಹಾದಂಗಡಿಯಲ್ಲಿ ಓದಿದಾಗ ಎಲ್ಲರೂ ತಲೆದೂಗಿದರು. ಹಿರಿಯರೊಬ್ಬರು ಮಾತ್ರ ಬೀಡಿ ಆರಿಸಿ ಕೇಳಿದರು:

‘ಹೆಲಿಕಾಪ್ಟರ್ ಯಾವತ್ ಬರ್ತೈತ್ರಿ?’

‘ಯಾಕ್ರೀ ಕಾಕಾ?’

‘ಅವತ್ತೊಂದ್ ರಾತ್ರಿ ಮೋಟರ್ ಬಂದ್ ಇಡಬೇಕಲ್ರಿ!’